ಮೂರು ಊರು, ಮೂರು ನೆಲ, ಎರಡು ಗಾಲಿ

ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸಹ್ಯಾದ್ರಿ. ನಡುವೆ ಅಗಲದಲ್ಲಿ ಕಿರಿದಾದರೂ ಚೆಲುವಿನಲ್ಲಿ ಹಿರಿದಾದ ಒಂದು ನೆಲದ ಪಟ್ಟಿ. ಉಡುಪಿಯಿಂದ ಬಡಗಣಕ್ಕೆ ಹೊರಟ ಪ್ರವಾಸಿಗೆ ಮೊದಲು ಬ್ರಹ್ಮಾವರ, ಅನಂತರ ಕುಂದಾಪುರ, ಕೊನೆಗೆ ಬೈಂದೂರು ಎದುರಾಗುತ್ತವೆ. ಮೊದಲಿನಿಂದ ಕೊನೆಯವರೆಗೆ ಅಳೆದರೆ ದಾರಿ 50 ಕಿಲೋಮೀಟರಿಗಿಂತ ತುಸು ಹೆಚ್ಚು. ಹಿಂದೊಮ್ಮೆ ಈ ದೂರವನ್ನು ಕ್ರಮಿಸಲು ಬಸ್ಸಿನಿಂದಿಳಿದು, ದೋಣಿಯೇರಿ ಹೊಳೆ ದಾಟಿ, ಆಚೆ ದಡದಲ್ಲಿ ಮತ್ತೊಂದು ಬಸ್ಸಿಗೆ ಕಾಯಬೇಕಾಗುತ್ತಿತ್ತು. ಇಂದು ಸೇತುವೆಗಳೆಲ್ಲ ಎದ್ದು ನಿಂತಿವೆ. 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಗಂಟೆಯ ಪಯಣ ಅಷ್ಟೆ.

ಆದರೆ ಹೆದ್ದಾರಿಯನ್ನು ಬಿಟ್ಟು ಎಡಕ್ಕೋ ಬಲಕ್ಕೋ ಒಂದು ಫರ್ಲಾಂಗು ಸರಿದರೆ ಸಾಕು, ನೆಲದ ಸ್ವಭಾವವೇ ಬೇರೆಯಾಗುತ್ತದೆ. ಬ್ರಹ್ಮಾವರದ ಸುತ್ತ ಅಂಟುವ ಜೇಡಿ, ಕುಂದಾಪುರದ ಅಂಚಿಗೆ ಉಪ್ಪು ಬೆರೆತ ಮರಳು, ಬೈಂದೂರಿನಿಂದ ಮೇಲಕ್ಕೆ ಮುರಕಲ್ಲಿನ ಕೆಂಪು ಜಲ್ಲಿ. ಇಂತಹ ದಾರಿಗಳನ್ನೇ ಅರಸಿಕೊಂಡು ಹೋಗುವ ಒಂದು ಹೊಸ ಬಗೆಯ ಯಾತ್ರಿಕವೃಂದ ಈಚಿನ ವರ್ಷಗಳಲ್ಲಿ ಕರಾವಳಿಯಲ್ಲಿ ಕಾಣಿಸಿಕೊಂಡಿದೆ. ಎತ್ತರದ ಮೋಟಾರು ಸೈಕಲ್ಲು, ಬೆನ್ನ ಹಿಂದೆ ಗಂಟುಮೂಟೆ, ಮೊಣಕಾಲಿಗೆ ಕಾಪು, ಮೈಯೆಲ್ಲ ಕೆಸರು. ಮನೆಯ ಮಗ ಇಂಥದೊಂದು ವಾಹನವನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ ತಂದೆತಾಯಿಯರ ಎದೆ ತುಸು ಹೊಡೆದುಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಭಯಕ್ಕೆ ಮದ್ದು ನಿಷೇಧವಲ್ಲ, ತಿಳಿವಳಿಕೆ. ಯಂತ್ರವನ್ನು ಬಲ್ಲವನಿಗೆ ಅಪಾಯ ಅರ್ಧ ಕಡಿಮೆ.

ಜಾವಾದಿಂದ ಹಿಮಾಲಯನ್‌ವರೆಗೆ

ಕನ್ನಡನಾಡಿಗೆ ಮೋಟಾರು ಸೈಕಲ್ಲು ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿ ವಾಹನಗಳನ್ನು ನಿರ್ಮಿಸಿತು. ಮಲೆನಾಡಿನ ಎಸ್ಟೇಟು ರಸ್ತೆಗಳಲ್ಲೂ ಕರಾವಳಿಯ ಪೇಟೆಗಳಲ್ಲೂ ಅವುಗಳ ಸದ್ದನ್ನು ಕೇಳಿ ಬೆಳೆದವರು ಇಂದಿಗೂ ಮನೆಮನೆಯಲ್ಲಿದ್ದಾರೆ. ಆದರೆ ಅವು ರಸ್ತೆಗಾಗಿ ಹುಟ್ಟಿದ ವಾಹನಗಳು. ದಾರಿ ಮುಗಿದಲ್ಲಿಂದ ಮುಂದಕ್ಕೂ ಹೋಗಬಲ್ಲ, ಮಧ್ಯಮ ವರ್ಗದ ಕೈಗೂ ಎಟುಕಬಲ್ಲ ಸಾಹಸ ವಾಹನವೆಂದು ದೇಶದಲ್ಲಿ ಹೆಸರಾದುದು 2016ರಲ್ಲಿ ಬಂದ 411 ಸಿ.ಸಿ.ಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200 ಬಂದಿತು. 2022ರಲ್ಲಿ ಯೆಜ್ಡಿಯ ಹೆಸರೂ ಇದೇ ಬಗೆಯ ವಾಹನವೊಂದರ ಮೇಲೆ ಮರಳಿತು. 2023ರಲ್ಲಿ ಹಿಮಾಲಯನ್ 452 ಸಿ.ಸಿ.ಯ, ನೀರಿನಿಂದ ತಂಪಾಗುವ ಎಂಜಿನನ್ನು ಪಡೆಯಿತು.

ಈ ವಾಹನಗಳ ಲಕ್ಷಣಗಳು ಮೂರು. ಮುಂದಿನ ಗಾಲಿ 21 ಅಂಗುಲದ್ದು. ಹೊಂಡಕ್ಕೆ ಬೀಳದೆ ಅದರ ಮೇಲೆ ಉರುಳಿ ಹೋಗುತ್ತದೆ. ನೆಲಕ್ಕೂ ಎಂಜಿನ್ನಿನ ಅಡಿಗೂ ನಡುವೆ 220 ಮಿಲಿಮೀಟರಿನಷ್ಟು ಅಂತರವುಂಟು. ಮುಂದಿನ ಫೋರ್ಕು ಒಂದು ಗೇಣಿನಷ್ಟು ಕುಗ್ಗಿ ಏಳಬಲ್ಲದು. ಆದರೆ ಎತ್ತರವಿದ್ದಲ್ಲಿ ಭಾರವೂ ಉಂಟು: ಹಿಮಾಲಯನ್ ಸುಮಾರು 200 ಕಿಲೋಗ್ರಾಂ ತೂಗುತ್ತದೆ. ಗದ್ದೆಯ ಬದಿಯಲ್ಲಿ ಮಗುಚಿದರೆ ಒಬ್ಬನೇ ಎತ್ತುವುದು ಸುಲಭದ ಮಾತಲ್ಲ.

ಉಡುಪಿಯವರೇ ಆದ ಅರವಿಂದ್ ಕೆ. ಪಿ. 2019ರಲ್ಲಿ ಪೆರು ದೇಶದ ಮರಳುಗಾಡಿನಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು 37ನೆಯ ಸ್ಥಾನದಲ್ಲಿ ಪೂರ್ಣಗೊಳಿಸಿದರು. 2015ರಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷ್ ಆ ಸ್ಪರ್ಧೆಯನ್ನು ಮುಗಿಸಿದ ಮೊದಲ ಭಾರತೀಯರೆನಿಸಿದ್ದರು. ಡಕಾರಿನಲ್ಲಿ ಮ್ಯಾರಥಾನ್ ಎಂಬ ಒಂದು ಘಟ್ಟವಿದೆ. ಅಂದಿನ ರಾತ್ರಿ ಹೊರಗಿನ ಮೆಕ್ಯಾನಿಕ್ಕುಗಳು ವಾಹನವನ್ನು ಮುಟ್ಟುವಂತಿಲ್ಲ, ಸವಾರರೇ ರಿಪೇರಿ ಮಾಡಿಕೊಳ್ಳಬೇಕು. ವೇಗದ ಪರಮಾವಧಿಯೆನಿಸಿದ ಸ್ಪರ್ಧೆಯಲ್ಲೂ ಕೈಕೆಲಸಕ್ಕೆ ಎಂತಹ ಬೆಲೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಬ್ರಹ್ಮಾವರ: ಜೇಡಿಯ ಪಾಠ

ಬ್ರಹ್ಮಾವರದ ತೆಂಕಣಕ್ಕೆ ಸ್ವರ್ಣಾ ನದಿ, ಬಡಗಣಕ್ಕೆ ಸೀತಾ ನದಿ. ಸೀತೆಯ ದಡದ ಬಾರ್ಕೂರು ಆಳುಪರ ಕಾಲದ ರಾಜಧಾನಿ. ಹಳೆಯ ಗುಡಿಗಳು ಇಂದಿಗೂ ಗದ್ದೆ ತೋಟಗಳ ನಡುವೆ ಅಲ್ಲಲ್ಲಿ ಇಣುಕುತ್ತವೆ. ಈ ಸೀಮೆಯ ಜೇಡಿಮಣ್ಣು ಹಂಚಿಗೆ ಹೆಸರಾದುದು. ಹಂಚಿಗೆ ಒಳ್ಳೆಯದಾದ ಮಣ್ಣು ಗಾಲಿಗೆ ಒಳ್ಳೆಯದಲ್ಲ. ಒಂದು ಮಳೆ ಬಿದ್ದೊಡನೆ ಅದು ಟೈರಿನ ಸಂದುಗಳನ್ನು ತುಂಬಿ, ಚೈನಿಗೆ ಮೆತ್ತಿ, ರೇಡಿಯೇಟರಿನ ಸಣ್ಣ ಸಣ್ಣ ಕಿಂಡಿಗಳನ್ನು ಮುಚ್ಚಿಬಿಡುತ್ತದೆ. ಹೊಸ ಹಿಮಾಲಯನ್ನಿನಂತಹ ನೀರಿನಿಂದ ತಣಿಯುವ ಎಂಜಿನ್ನಿಗೆ ಇದು ಉಸಿರು ಕಟ್ಟಿದಂತೆ.

ಇಲ್ಲಿ ಮೊದಲು ನವೆಯುವುದು ಚೈನು. ಗ್ಯಾರೇಜಿಗೆ ಬಂದ ಸವಾರನಿಗೆ ಇಲ್ಲಿನ ಮೆಕ್ಯಾನಿಕ್ಕು ಬೇರೆ ಯಾವುದನ್ನೂ ತೋರಿಸುವ ಮುನ್ನ, "ಹ್ವಾಯ್, ಚೈನ್ ಕಾಣಿ ಮಾರಾಯ್ರೆ" ಎನ್ನುವುದು ಸುಮ್ಮನೆ ಅಲ್ಲ. ಒಣ ದಾರಿಯಲ್ಲಿ 500 ಕಿಲೋಮೀಟರಿಗೊಮ್ಮೆ ಸಾಕೆನಿಸುವ ಚೈನಿನ ಆರೈಕೆ, ಕೆಸರಿನ ದಿನಗಳಲ್ಲಿ ಸಂಜೆಗೊಮ್ಮೆ ಬೇಕಾಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಮೆದು ಬ್ರಶ್ಶಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ, ಬಳಿಕ ಎಣ್ಣೆ ಕಾಣಿಸಬೇಕು. ಪೆಟ್ರೋಲು ಕೂಡದು, ಕೊಂಡಿಗಳ ನಡುವಣ ರಬ್ಬರು ಬಳೆಗಳನ್ನು ಅದು ತಿಂದುಹಾಕುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು: ಎಂಜಿನ್ನನ್ನು ನಿಲ್ಲಿಸಿ, ಗಾಲಿಯನ್ನು ಕೈಯಿಂದಲೇ ತಿರುಗಿಸಬೇಕು. ಗೇರಿಗೆ ಹಾಕಿ ಚೈನನ್ನು ಓಡಬಿಟ್ಟು ಬಟ್ಟೆ ಹಿಡಿಯುವವರು ಬೆರಳನ್ನು ಸ್ಪ್ರಾಕೆಟ್ಟಿಗೆ ಒಪ್ಪಿಸುತ್ತಾರೆ. ಆ ನಷ್ಟಕ್ಕೆ ಯಾವ ಗ್ಯಾರೇಜಿನಲ್ಲೂ ರಿಪೇರಿಯಿಲ್ಲ.

ಚೈನನ್ನು ಬಿಗಿಯಾಗಿ ಎಳೆದು ಕಟ್ಟುವುದೂ ತಪ್ಪೇ. ಹೊಂಡದಲ್ಲಿ ಹಿಂದಿನ ಗಾಲಿ ಮೇಲಕ್ಕೇರಿದಾಗ ಸಡಿಲವಿಲ್ಲದ ಚೈನು ಗೇರುಪೆಟ್ಟಿಗೆಯ ಬೇರಿಂಗನ್ನೇ ಜಗ್ಗುತ್ತದೆ. ಎಷ್ಟು ಸಡಿಲವಿರಬೇಕೆಂಬುದು ವಾಹನದೊಡನೆ ಬರುವ ಕೈಪಿಡಿಯಲ್ಲಿ ಅಚ್ಚಾಗಿದೆ. ಕಪಾಟಿನಲ್ಲಿ ಧೂಳು ಹಿಡಿಯುವ ಆ ಪುಸ್ತಕವನ್ನು ಮನೆಯವರೆಲ್ಲ ಒಮ್ಮೆ ಓದುವುದು ಲೇಸು.

ಕುಂದಾಪುರ: ಉಪ್ಪಿನ ಋಣ

ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯೆಂಬ ಹೆಸರಿನಲ್ಲಿ ಕಡಲು ಸೇರುವ ತಾಣ ಕುಂದಾಪುರ. ಎದುರು ದಡದಲ್ಲಿ ಗಂಗೊಳ್ಳಿ. ತ್ರಾಸಿಯನ್ನು ದಾಟಿ ಮರವಂತೆಗೆ ಬಂದರೆ ಒಂದು ಕಡೆ ಮೊರೆಯುವ ಸಮುದ್ರ, ಇನ್ನೊಂದು ಕಡೆ ಮೌನವಾದ ಸೌಪರ್ಣಿಕೆ, ನಡುವೆ ಹೆದ್ದಾರಿ. ಕಡಲಿನ ಹೊಸ್ತಿಲಿಗೆ ಬಂದ ನದಿ ಒಳಗೆ ಕಾಲಿಡದೆ ಹಿಂದಿರುಗಿ, ಗಂಗೊಳ್ಳಿಯ ದಾರಿ ಹಿಡಿಯುವ ಈ ವಿಚಿತ್ರವನ್ನು ನೋಡಲು ವಾಹನ ನಿಲ್ಲಿಸದವರಿಲ್ಲ.

ನೋಡುವವರ ಮುಖಕ್ಕೆ ತಂಪೆರೆಯುವ ಗಾಳಿ ವಾಹನದ ಮೇಲೆ ಉಪ್ಪು ಸವರುತ್ತಿರುತ್ತದೆ. ಕಡ್ಡಿಗಳ ತಲೆ, ಸೈಲೆನ್ಸರಿನ ಬೆಸುಗೆ, ಬೋಲ್ಟು ನಟ್ಟುಗಳು ಮೊದಲು ಕಂದುತ್ತವೆ. ಕಾಣದ ಕಡೆ, ವೈರುಗಳು ಕೂಡುವಲ್ಲಿ, ಹಸುರು ಕಿಲುಬು ಹತ್ತುತ್ತದೆ. ಒಂದು ದಿನ ಗುಂಡಿ ಒತ್ತಿದರೆ ಎಂಜಿನು ಮಾತಾಡುವುದಿಲ್ಲ. ಇದಕ್ಕೆ ದುಬಾರಿಯ ಔಷಧ ಬೇಕಿಲ್ಲ. ಮನೆಗೆ ಬಂದೊಡನೆ ಸಿಹಿನೀರಿನಿಂದ ಮೆಲ್ಲನೆ ತೊಳೆದು ಒರೆಸಿದರಾಯಿತು. ರಭಸದ ಪೈಪನ್ನು ಗಾಲಿಯ ಬೇರಿಂಗಿನತ್ತ ಹಿಡಿಯಬಾರದು. ಗ್ರೀಸು ಹೊರಗೆ, ನೀರು ಒಳಗೆ ಆಗುತ್ತದೆ. ಬ್ಯಾಟರಿಯ ತುದಿಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಮಳೆಗಾಲ ನಿರಾತಂಕ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು; ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸದಿದ್ದರೆ, ಬೇಕಾದ ಗಳಿಗೆಯಲ್ಲೇ ಬ್ರೇಕು ಮೆತ್ತಗಾಗುತ್ತದೆ.

ಮರಳಿನ ದಾರಿಯಲ್ಲಿ ಸವಾರರು ಟೈರಿನ ಗಾಳಿಯನ್ನು ತುಸು ಇಳಿಸುತ್ತಾರೆ; ನೆಲದ ಮೇಲೆ ಟೈರು ಅಗಲವಾಗಿ ಕೂರುತ್ತದೆ. ಆದರೆ ಮತ್ತೆ ತುಂಬಿಸದೆ ಹೆದ್ದಾರಿಗೆ ಹತ್ತಿದರೆ ಟೈರು ಕಾದು, ಟ್ಯೂಬು ಸರಿದು, ವಾಲ್ವು ಕಿತ್ತು ಬರಬಹುದು. ಆದುದರಿಂದ ಕೈಪಂಪು ಇಲ್ಲದವನು ಗಾಳಿ ಇಳಿಸುವ ಗೋಜಿಗೆ ಹೋಗಬಾರದು.

ಮರಳಿನ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಕುಂದಾಪುರದ ಕೋಡಿ ತೀರಕ್ಕೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಮರಳು ತೋಡಿ ಮೊಟ್ಟೆಯಿಡುತ್ತವೆ. ಒಂದೊಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ. ಮರಿ ಹೊರಬರಲು ಸುಮಾರು 50 ದಿನ. ಮೇಲಿನಿಂದ ನೋಡಿದರೆ ಬರಿಯ ಮರಳು. 200 ಕಿಲೋ ಭಾರದ ಗಾಲಿಯೊಂದು ಅದರ ಮೇಲೆ ಹಾದರೆ ಸವಾರನಿಗೆ ತಿಳಿಯುವುದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಜೀವಕ್ಕೆ ಅತ್ಯುಚ್ಚ ರಕ್ಷಣೆ ಕೊಟ್ಟಿದೆ. ದಾರಿಗಳು ಬೇಕಾದಷ್ಟಿವೆ, ಕಡಲತೀರವನ್ನು ಕಾಲ್ನಡಿಗೆಗೆ ಬಿಡುವುದೇ ನಿಜವಾದ ಸಾಹಸಿಯ ಲಕ್ಷಣ.

ಬೈಂದೂರು: ಕೆಂಪುಕಲ್ಲಿನ ಏರು

ಬೈಂದೂರಿನ ಒತ್ತಿನೆಣೆಯ ದಿಬ್ಬದಿಂದ ಕೆಳಗೆ ನೋಡಿದರೆ ಹೊಳೆಯೂ ಕಡಲೂ ಕೂಡುವ ನೋಟ. ಬೆನ್ನು ತಿರುಗಿಸಿದರೆ ಕೊಲ್ಲೂರಿನತ್ತ ಏರುವ ಕಾಡು. ಬೇಸಗೆಯಲ್ಲಿ ಮುರಕಲ್ಲಿನ ಜಲ್ಲಿ ಗಾಲಿಯ ಕೆಳಗೆ ಗೋಲಿಗಳಂತೆ ಉರುಳುತ್ತದೆ. ಅದರ ಕೆಂಪು ಧೂಳು ಗಾಳಿಸೋಸಕವನ್ನು ತುಂಬಿ ಎಂಜಿನ್ನಿನ ಬಲವನ್ನು ಕದಿಯುತ್ತದೆ. ಸ್ಪಂಜಿನ ಸೋಸಕವಾದರೆ ತೊಳೆದು ಎಣ್ಣೆ ಹಚ್ಚಬಹುದು. ಕಾಗದದ್ದಾದರೆ ತೊಳೆಯದೆ ಬದಲಿಸಬೇಕು. ಆಸಾಡಿಯ ಮಳೆಗೆ ಅದೇ ಕಲ್ಲು ಹಾವಸೆಗಟ್ಟಿ ಗಾಜಿನಂತಾಗುತ್ತದೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆಯಿದು.

ಕಲ್ಲುದಾರಿಯ ಹೊಡೆತಕ್ಕೆ ಗಾಲಿಯ ಕಡ್ಡಿಗಳು ಸಡಿಲುತ್ತವೆ. ಇದನ್ನು ಪರೀಕ್ಷಿಸುವ ಉಪಾಯ ಬಹಳ ಸರಳ: ಸ್ಪ್ಯಾನರಿನಿಂದ ಒಂದೊಂದನ್ನೂ ಮೆಲ್ಲನೆ ತಟ್ಟಿ ಕೇಳುವುದು. ಬಿಗಿಯಾದದ್ದು ಜಲತರಂಗದಂತೆ ನುಡಿಯುತ್ತದೆ, ಸಡಿಲವಾದದ್ದು ಮಂಕಾಗಿ ಮಿಡಿಯುತ್ತದೆ.

ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಕೊಂಡು ಬರುವುದು ಅಪಾಯದ ದಾರಿ. ಕಾದ ಬ್ರೇಕು ಕೈಕೊಡುತ್ತದೆ. ಮೊದಲನೆಯ ಅಥವಾ ಎರಡನೆಯ ಗೇರಿನಲ್ಲಿ ಎಂಜಿನ್ನೇ ವಾಹನವನ್ನು ತಡೆಹಿಡಿಯುವಂತೆ ಮಾಡಬೇಕು. ತೋಡು ಅಡ್ಡ ಬಂದರೆ ಮೊದಲು ಇಳಿದು ನಡೆದು ನೋಡಬೇಕು. ಮನುಷ್ಯ ದಾಟಲಾರದ ನೀರನ್ನು ವಾಹನವೂ ದಾಟಲಾರದು. ನಡುನೀರಿನಲ್ಲಿ ಎಂಜಿನು ನಿಂತರೆ ಸ್ಟಾರ್ಟರನ್ನು ಮುಟ್ಟಕೂಡದು. ಒಳಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ನಿನ ದಂಡವೇ ಬಾಗಿಹೋಗುತ್ತದೆ. ದಡಕ್ಕೆ ತಳ್ಳಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ನೀರನ್ನು ಹೊರಹಾಕಿದ ಮೇಲೆಯೇ ಮುಂದಿನ ಮಾತು.

ಕೊಲ್ಲೂರಿನಿಂದಾಚೆ, 1343 ಮೀಟರ್ ಎತ್ತರದ ಕೊಡಚಾದ್ರಿ. ಕೊನೆಯ ಏರಿನಲ್ಲಿ ಯಾತ್ರಿಕರನ್ನು ಕರೆದೊಯ್ಯುವವರು ಸ್ಥಳೀಯ ಜೀಪು ಚಾಲಕರು. ಒಂದೊಂದು ಬಂಡೆಯೂ ಅವರಿಗೆ ಪರಿಚಿತ. ಸುತ್ತಣ ಕಾಡು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ್ದು, 1974ರಿಂದ ಸಂರಕ್ಷಿತ. ಖಾಸಗಿ ವಾಹನಕ್ಕೆ ಎಲ್ಲಿಯವರೆಗೆ ಅವಕಾಶವೆಂಬುದನ್ನು ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಹೊರಡಬೇಕು. ಇಬ್ಬರು ಹುಡುಗರು ಕಾಡು ಕೊರೆದು ಹೊಸ ದಾರಿ ಮಾಡಿದರೆ, ಇನ್ನೂರು ಮಂದಿಗೆ ಹಳೆಯ ದಾರಿ ಮುಚ್ಚಿಹೋದೀತು.

ಯಾವುದಕ್ಕೆ ಹಣ, ಯಾವುದಕ್ಕೆ ಬೇಡ

ಅಂಗಡಿಯ ಗಾಜಿನ ಹಿಂದೆ ಹೊಳೆಯುವುದೆಲ್ಲ ಬೇಕಾದುದಲ್ಲ. ಮೊದಲ ವೆಚ್ಚ ಟೈರಿಗೆ. ಜೇಡಿಯನ್ನೂ ಜಲ್ಲಿಯನ್ನೂ ಹಿಡಿಯುವ ದಪ್ಪಗುಬ್ಬಿಯ, ಆದರೆ ತಯಾರಕರು ಹೇಳಿದ ಅಳತೆಯದೇ ಟೈರು. ಎರಡನೆಯದು ಎಂಜಿನ್ನಿನ ಅಡಿಗೆ ಗಟ್ಟಿ ಲೋಹದ ತಟ್ಟೆ. ಒಂದು ಮುರಕಲ್ಲು ತಾಗಿ ಎಣ್ಣೆ ಸೋರಿದರೆ ಕಾಡಿನ ನಡುವೆ ಯಾತ್ರೆ ಮುಗಿಯಿತು. ಮೂರನೆಯದು ಹ್ಯಾಂಡಲಿಗೆ ಕೈಕಾಪು. ಕ್ಲಚ್ಚಿನ ಲಿವರೂ ಸವಾರನ ಬೆರಳೂ ಉಳಿಯುತ್ತವೆ. ಹಿಂದಿನ ಸ್ಪ್ರಿಂಗನ್ನು ಸವಾರನ ತೂಕಕ್ಕೆ ಹೊಂದಿಸುವುದಕ್ಕೆ ಖರ್ಚೇ ಇಲ್ಲ. ಆದರೂ ಮಾಡಿಸುವವರು ವಿರಳ. ಗಂಟುಮೂಟೆ ಹಗುರಾಗಿ, ತಗ್ಗಿನಲ್ಲಿ ಕಟ್ಟಿರಲಿ. ಐ.ಎಸ್.ಐ. ಗುರುತಿನ ಹೆಲ್ಮೆಟ್ಟೂ ಗಟ್ಟಿ ಬೂಟುಗಳೂ ಇವೆಲ್ಲಕ್ಕೂ ಮೊದಲು.

ಬೇಡವಾದದ್ದು ಅಬ್ಬರದ ಸೈಲೆನ್ಸರು. ತಯಾರಕರ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟಪಡಿಸಿದೆ. ಕಾನೂನಿನ ಮಾತು ಹಾಗಿರಲಿ. ಊರ ಹಾಡಿಯಲ್ಲಿ ಮಲಗಿದ ಎಳೆಗೂಸು ಬೆಚ್ಚಿಬಿದ್ದರೆ, ನಾಳೆ ಕೆಟ್ಟು ನಿಂತ ಸವಾರನಿಗೆ ಆ ಮನೆಯಲ್ಲಿ ಒಂದು ಚೆಂಬು ನೀರು ಸಿಕ್ಕೀತೆ?

ಈ ಮೂರು ಊರುಗಳ ನಡುವೆ ಸಂಜೆಯ ಹೊತ್ತು ಹಾಯ್ದವರಿಗೆ ಅಲ್ಲಲ್ಲಿ ಒಂದು ನೋಟ ಕಾಣಸಿಗುತ್ತದೆ: ಬಾವಿಕಟ್ಟೆಯ ಬಳಿ ಎತ್ತರದ ಮೋಟಾರು ಸೈಕಲ್ಲು, ಅದರ ಪಕ್ಕ ಕುಕ್ಕುರುಗಾಲಿನಲ್ಲಿ ಕುಳಿತ ತರುಣ, ಕೈಯಲ್ಲಿ ಸೀಮೆಎಣ್ಣೆಯ ಬ್ರಶ್ಶು, ಜಗಲಿಯಿಂದ ನೋಡುತ್ತಿರುವ ತಾಯಿ. ಆ ಅರ್ಧ ಗಂಟೆಯ ಕೆಲಸವನ್ನು ದಿನವೂ ತಪ್ಪದೆ ಮಾಡುವ ಮಗನನ್ನು ಘಾಟಿಯ ದಾರಿಗೆ ಕಳುಹಿಸಲು ಆಕೆ ಅಷ್ಟಾಗಿ ಅಂಜಬೇಕಾಗಿಲ್ಲ.