ಗ್ರೀನ್‌ಹ್ಯಾಮ್ ಬಯಲು: ಬೇಲಿ ಬಿದ್ದ ಕಥೆ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಪಶ್ಚಿಮಕ್ಕೆ ಹೋಗುವ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ನ್ಯೂಬರಿ ಎಂಬ ಪಟ್ಟಣ ಸಿಗುತ್ತದೆ. ಅಲ್ಲಿಂದ ಮೂರು ಕಿಲೋಮೀಟರ್ ದೂರದಲ್ಲಿ ಒಂದು ವಿಶಾಲವಾದ ಬಯಲಿದೆ. ಹೆಸರು ಗ್ರೀನ್‌ಹ್ಯಾಮ್ ಕಾಮನ್. 'ಕಾಮನ್' ಎಂದರೆ ಹೆಚ್ಚುಕಡಿಮೆ ನಮ್ಮ ಕಡೆಯ ಗೋಮಾಳ. ಭೂಮಿ ಯಾರ ಹೆಸರಿನಲ್ಲೇ ಇರಲಿ, ಸುತ್ತಲಿನ ಕೆಲವು ಮನೆಗಳವರಿಗೆ ಅಲ್ಲಿ ದನ ಮೇಯಿಸುವ, ಸೌದೆ ಆರಿಸುವ ಹಕ್ಕು ಕಾನೂನುಬದ್ಧವಾಗಿ ಇರುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಂದು ನೀವು ಅಲ್ಲಿಗೆ ಹೋದರೆ ಹಳದಿ ಹೂವಿನ ಮುಳ್ಳುಪೊದೆಗಳು, ಮೇಯುತ್ತಿರುವ ದನಗಳು, ಸೈಕಲ್ ತುಳಿಯುವ ಮಕ್ಕಳು ಕಾಣುತ್ತಾರೆ. ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳೂ ಇಲ್ಲಿವೆ. ಆದರೆ ಬಯಲಿನ ಒಂದು ಅಂಚಿನಲ್ಲಿ, ತಂತಿಬೇಲಿಯ ಒಳಗೆ, ಹುಲ್ಲು ಹೊದ್ದ ಆರು ದೊಡ್ಡ ದಿಬ್ಬಗಳು ಸಾಲಾಗಿ ನಿಂತಿವೆ. ಅವು ಗುಡ್ಡಗಳಲ್ಲ. ಅಣ್ವಸ್ತ್ರ ಕ್ಷಿಪಣಿಗಳನ್ನು ಇರಿಸಲು ಕಟ್ಟಿದ ಕಾಂಕ್ರೀಟ್ ಕೋಟೆಗಳು.

ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಬಯಲನ್ನು ಸರಕಾರ ವಾಯುನೆಲೆಗಾಗಿ ವಶಪಡಿಸಿಕೊಂಡಿತು. ಯುದ್ಧದ ಬಳಿಕ ಅಮೆರಿಕದ ವಾಯುಪಡೆ ಇಲ್ಲಿ ಠಿಕಾಣಿ ಹೂಡಿತು. 1979ರ ಡಿಸೆಂಬರಿನಲ್ಲಿ ನೇಟೋ ಒಕ್ಕೂಟವು ಯುರೋಪಿನ ಹಲವು ದೇಶಗಳಲ್ಲಿ ಅಮೆರಿಕದ ಕ್ರೂಸ್ ಕ್ಷಿಪಣಿಗಳನ್ನು ನಿಲ್ಲಿಸಲು ತೀರ್ಮಾನಿಸಿತು. ಗ್ರೀನ್‌ಹ್ಯಾಮ್ ಪಾಲಿಗೆ ಬಂದದ್ದು 96. ಒಂದೊಂದಕ್ಕೂ ಹಿರೋಶಿಮಾದ ಬಾಂಬಿಗಿಂತ ಹಲವು ಪಟ್ಟು ಶಕ್ತಿ. ತಮ್ಮ ಮನೆಯ ಪಕ್ಕದಲ್ಲಿ ಇಂತಹ ವಸ್ತು ಬರಬೇಕೇ ಬೇಡವೇ ಎಂದು ಆ ದೇಶದ ಜನರನ್ನು ಯಾರೂ ಕೇಳಲಿಲ್ಲ.

ವೇಲ್ಸ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ವಾಸವಾಗಿದ್ದ ಆ್ಯನ್ ಪೆಟಿಟ್ ಎಂಬ ಮಹಿಳೆಗೆ ಇದು ನಿದ್ದೆಗೆಡಿಸಿತು. ಆಕೆ ಪುಟ್ಟ ಮಕ್ಕಳ ತಾಯಿ. ಆ ವರ್ಷ ಕೋಪನ್‌ಹೇಗನ್‌ನಿಂದ ಪ್ಯಾರಿಸ್ಸಿಗೆ ಮಹಿಳೆಯರು ಶಾಂತಿಗಾಗಿ ನಡೆದ ಸುದ್ದಿ ಆಕೆಗೆ ದಾರಿ ತೋರಿತು. 1981ರ ಆಗಸ್ಟ್ 27ರಂದು ಕಾರ್ಡಿಫ್ ನಗರದಿಂದ ಒಂದು ಸಣ್ಣ ತಂಡ ಹೊರಟಿತು. 36 ಮಹಿಳೆಯರು, ಕೆಲವೇ ಗಂಡಸರು, ಕೆಲವು ಮಕ್ಕಳು. ಸುಮಾರು 120 ಮೈಲು ಕಾಲ್ನಡಿಗೆ. ಸೆಪ್ಟೆಂಬರ್ 5ರಂದು ಅವರು ವಾಯುನೆಲೆಯ ಬಾಗಿಲು ತಲುಪಿದರು.

ದಾರಿಯುದ್ದಕ್ಕೂ ಪತ್ರಿಕೆಗಳು ಅವರನ್ನು ಗಮನಿಸಿದ್ದೇ ಅಪರೂಪ. ಹಾಗಾಗಿ ನಾಲ್ವರು ಮಹಿಳೆಯರು ಬೇಲಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡರು. ಅವರ ಬೇಡಿಕೆ ಏನಿತ್ತು ಗೊತ್ತೇ? ಈ ಕ್ಷಿಪಣಿಗಳ ಬಗ್ಗೆ ಸರಕಾರ ತಮ್ಮೊಂದಿಗೆ ಟೆಲಿವಿಷನ್‌ನಲ್ಲಿ ಒಂದು ಚರ್ಚೆ ನಡೆಸಬೇಕು. ಅಷ್ಟೇ. ಸರಕಾರ ಒಪ್ಪಲಿಲ್ಲ. ಮಹಿಳೆಯರು ಹಿಂತಿರುಗಲೂ ಇಲ್ಲ.

ಅಲ್ಲಿಂದ ಶುರುವಾಯಿತು ಬೇಲಿಯ ಹೊರಗಿನ ಸಂಸಾರ. 1982ರ ಫೆಬ್ರವರಿಯಲ್ಲಿ ಇದು ಮಹಿಳೆಯರದ್ದೇ ಶಿಬಿರ ಎಂದು ನಿರ್ಧಾರವಾಯಿತು. ಬಾಗಿದ ಕೊಂಬೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಅದೇ ಮನೆ. ಚಳಿಗಾಲದ ಹಿಮ, ಕೆಸರು, ಒದ್ದೆ ಸೌದೆಯ ಹೊಗೆ. ವಾಯುನೆಲೆಯ ಒಂದೊಂದು ಗೇಟಿನ ಬಳಿ ಒಂದೊಂದು ಬಿಡಾರ. ಅವುಗಳಿಗೆ ಹಳದಿ, ಹಸಿರು, ನೀಲಿ, ಕಿತ್ತಳೆ ಎಂದು ಬಣ್ಣಗಳ ಹೆಸರು. ಕೋರ್ಟಿನ ಅಮೀನರು ಮತ್ತೆ ಮತ್ತೆ ಬಂದು ಗುಡಿಸಲು ಕಿತ್ತು, ಪಾತ್ರೆ ಪಗಡೆ ಹೊತ್ತೊಯ್ಯುತ್ತಿದ್ದರು. 1984ರ ಏಪ್ರಿಲ್ 4ರಂದು ದೊಡ್ಡ ಪ್ರಮಾಣದಲ್ಲಿ ಒಕ್ಕಲೆಬ್ಬಿಸಲಾಯಿತು. ಕತ್ತಲಾಗುವುದರೊಳಗೆ ಅನೇಕರು ಮರಳಿ ಬಂದು ಒಲೆ ಹೊತ್ತಿಸಿದರು!

ಸಹೋದರಿಯರೇ, ಆಗ ಮೊಬೈಲ್ ಇರಲಿಲ್ಲ, ಇಂಟರ್ನೆಟ್ ಇರಲಿಲ್ಲ. ಒಬ್ಬಳು ಮತ್ತಷ್ಟು ಮಂದಿಗೆ ಕಾಗದ ಬರೆಯುವುದು, ಅವರು ಇನ್ನಷ್ಟು ಮಂದಿಗೆ ಬರೆಯುವುದು, ಹೀಗೆ ಸುದ್ದಿ ಹರಡಿತು. 1982ರ ಡಿಸೆಂಬರ್ 12ರಂದು ಸುಮಾರು 30,000 ಮಹಿಳೆಯರು ಬಂದು, ಮೈಲುಗಟ್ಟಲೆ ಉದ್ದದ ಆ ಬೇಲಿಯ ಸುತ್ತ ಕೈ ಕೈ ಹಿಡಿದು ನಿಂತರು. ಬೇಲಿಯ ತಂತಿಗೆ ಮಕ್ಕಳ ಅಂಗಿ, ಆಟಿಕೆ, ಮನೆಮಂದಿಯ ಫೋಟೋ ಸಿಕ್ಕಿಸಿದರು. 1983ರ ಹೊಸ ವರ್ಷದ ನಸುಕಿನಲ್ಲಿ 44 ಮಹಿಳೆಯರು ಏಣಿ ಹಾಕಿ ಬೇಲಿ ದಾಟಿ, ಇನ್ನೂ ಕಟ್ಟುತ್ತಿದ್ದ ಆ ದಿಬ್ಬಗಳನ್ನು ಏರಿ ಹಾಡುತ್ತಾ ಕುಣಿದರು. ಅವರಲ್ಲಿ 36 ಮಂದಿ ಜೈಲಿಗೆ ಹೋದರು.

ಎಲ್ಲರೂ ಅವರನ್ನು ಮೆಚ್ಚಿದರೆಂದು ತಿಳಿಯಬೇಡಿ. ಗಂಡ ಮಕ್ಕಳನ್ನು ಬಿಟ್ಟು ಬಂದವರೆಂದು ಪತ್ರಿಕೆಗಳು ಜರೆದವು. ನ್ಯೂಬರಿಯ ಕೆಲವು ಅಂಗಡಿಗಳು ಅವರಿಗೆ ಸಾಮಾನು ಕೊಡಲಿಲ್ಲ. ಊರಿನ ತೆರಿಗೆದಾರರು ಅವರನ್ನು ಓಡಿಸಲೆಂದೇ ಸಂಘ ಕಟ್ಟಿದರು. 1983ರ ಜೂನಿನ ಚುನಾವಣೆಯಲ್ಲಿ ಮಾರ್ಗರೆಟ್ ಥ್ಯಾಚರ್ ಭಾರೀ ಬಹುಮತದಿಂದ ಗೆದ್ದರು. ಅದೇ ವರ್ಷ ನವೆಂಬರಿನಲ್ಲಿ ಮೊದಲ ಕ್ಷಿಪಣಿಗಳು ಬಂದಿಳಿದವು. ಅಂದಮೇಲೆ ಇವರು ಸೋತರಲ್ಲವೇ?

ಆ ದಿನ ಕೇಳಿದ್ದರೆ ಹೌದೆಂದೇ ಹೇಳಬೇಕಾಗಿತ್ತು. ಆದರೆ 1987ರ ಡಿಸೆಂಬರ್ 8ರಂದು ಅಮೆರಿಕದ ರೇಗನ್ ಮತ್ತು ಸೋವಿಯತ್ ನಾಯಕ ಗೊರ್ಬಚೆವ್ ಈ ಬಗೆಯ ಕ್ಷಿಪಣಿಗಳನ್ನೆಲ್ಲ ನಾಶಪಡಿಸುವ ಒಪ್ಪಂದಕ್ಕೆ ಸಹಿ ಹಾಕಿದರು. 1991ರ ಮಾರ್ಚಿನಲ್ಲಿ ಗ್ರೀನ್‌ಹ್ಯಾಮ್‌ನ ಕೊನೆಯ ಕ್ಷಿಪಣಿಗಳು ಹೊರಟವು. ನಾವು ಬಗ್ಗದೆ ಕ್ಷಿಪಣಿ ನಿಲ್ಲಿಸಿದ್ದರಿಂದಲೇ ಒಪ್ಪಂದವಾಯಿತು ಎಂಬುದು ಥ್ಯಾಚರ್ ಪಕ್ಷದವರ ವಾದ. ಜನರ ಒತ್ತಡ ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂಬುದು ಶಿಬಿರದವರ ವಾದ. ಈ ಜಗಳ ಇಂದಿಗೂ ಮುಗಿದಿಲ್ಲ.

ಆದರೆ ಒಂದು ಗೆಲುವಿನ ಬಗ್ಗೆ ಯಾರಿಗೂ ಸಂಶಯವಿಲ್ಲ. ಮೊದಲು ಹೇಳಿದ ಗೋಮಾಳದ ಮಾತು ಇಲ್ಲಿ ಬರುತ್ತದೆ. ವಾಯುನೆಲೆಯೊಳಗೆ ನುಗ್ಗುವುದು ಅಪರಾಧವೆಂದು ಸರಕಾರ 1985ರಲ್ಲಿ ನಿಯಮಾವಳಿ ಹೊರಡಿಸಿತ್ತು. ಶಿಬಿರದ ಜೀನ್ ಹಚಿನ್ಸನ್ ಮತ್ತು ಜಾರ್ಜಿನಾ ಸ್ಮಿತ್ ಎಂಬ ಮಹಿಳೆಯರು ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. ಸೇನಾ ಭೂಮಿಯ ನಿಯಮಗಳು ಗೋಮಾಳದ ಹಕ್ಕುಗಳಿಗೆ ಚ್ಯುತಿ ತರಬಾರದು ಎಂದು 1892ರ ಕಾಯ್ದೆಯಲ್ಲೇ ಬರೆದಿತ್ತು. 1990ರಲ್ಲಿ ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಆ ನಿಯಮಾವಳಿಯೇ ಸಿಂಧುವಲ್ಲ ಎಂದು ತೀರ್ಪಿತ್ತಿತು. ದನ ಮೇಯಿಸುವವರ ಹಳೆಯ ಹಕ್ಕು ಅಣ್ವಸ್ತ್ರದ ಬೇಲಿಗಿಂತ ಗಟ್ಟಿಯಾಗಿತ್ತು.

1992ರಲ್ಲಿ ಅಮೆರಿಕನ್ನರು ತೆರಳಿದರು. ರನ್‌ವೇಯನ್ನು ಒಡೆದು ತೆಗೆಯಲಾಯಿತು. ಅದರ ಕಾಂಕ್ರೀಟಿನಲ್ಲಿ ಒಂದಷ್ಟು ನ್ಯೂಬರಿಯ ಬೈಪಾಸ್ ರಸ್ತೆಯ ತಳಕ್ಕೆ ಹೋಯಿತು. ಆ ರಸ್ತೆಗಾಗಿ ಮರ ಕಡಿಯುವುದನ್ನು ತಡೆಯಲು 1996ರಲ್ಲಿ ಮತ್ತೊಂದು ತಂಡ ಮರಗಳ ಮೇಲೆಯೇ ಮಾಡ ಕಟ್ಟಿ ಕುಳಿತಿತ್ತು. ಅವರು ರಸ್ತೆಯನ್ನು ತಡೆಯಲಾಗಲಿಲ್ಲ. 2000ದ ಏಪ್ರಿಲಿನಲ್ಲಿ ಗ್ರೀನ್‌ಹ್ಯಾಮ್ ಬಯಲು ಮತ್ತೆ ಜನರಿಗೆ ತೆರೆಯಿತು. ಅದೇ ಸೆಪ್ಟೆಂಬರಿನಲ್ಲಿ, ಹತ್ತೊಂಬತ್ತು ವರ್ಷಗಳ ಬಳಿಕ, ಕೊನೆಯ ಮಹಿಳೆಯರು ಗಂಟುಮೂಟೆ ಕಟ್ಟಿದರು.

ಇಂದು ಹಳೆಯ ಹಳದಿ ಗೇಟಿನ ಜಾಗದಲ್ಲಿ ಒಂದು ಪುಟ್ಟ ಶಾಂತಿವನವಿದೆ. ವೇಲ್ಸ್‌ನಿಂದ ತಂದ ಏಳು ಕಲ್ಲುಗಳು ವೃತ್ತಾಕಾರದಲ್ಲಿ ನಿಂತಿವೆ. 1989ರಲ್ಲಿ ಶಿಬಿರದ ಬಳಿ ಪೊಲೀಸ್ ವಾಹನ ಬಡಿದು ಮೃತಪಟ್ಟ, 22ರ ಹರೆಯದ ಹೆಲೆನ್ ಥಾಮಸ್ ಎಂಬ ವೇಲ್ಸ್ ಯುವತಿಯ ನೆನಪೂ ಇಲ್ಲಿದೆ. ಹಳೆಯ ವಿಮಾನ ನಿಯಂತ್ರಣ ಗೋಪುರವನ್ನು 2018ರಲ್ಲಿ ಸಂದರ್ಶಕರಿಗಾಗಿ ತೆರೆಯಲಾಗಿದೆ.

ನೋಡಿ ಸಮಾಧಾನಪಟ್ಟು ಹಿಂತಿರುಗಬಹುದು, ಆದರೆ ಒಂದು ಮಾತು ಉಳಿದಿದೆ. 1987ರ ಆ ಒಪ್ಪಂದ ಈಗಿಲ್ಲ. 2019ರಲ್ಲಿ ಅಮೆರಿಕ ಅದರಿಂದ ಹೊರನಡೆಯಿತು. ಬೇಲಿ ತೆಗೆದದ್ದು ಉಳಿದುಕೊಂಡಿತು, ಸಹಿ ಹಾಕಿದ ಕಾಗದ ಉಳಿಯಲಿಲ್ಲ. ನಮ್ಮ ಮಕ್ಕಳ ಪಾಠಪುಸ್ತಕಗಳಲ್ಲಿ ಬ್ರಿಟನ್ನಿನ ಇತಿಹಾಸವೆಂದರೆ ರಾಣಿಯರು, ಪ್ರಧಾನಿಗಳು, ಪಾರ್ಲಿಮೆಂಟು. ಅವರು ಆ ಪಾಠ ಓದುವಾಗ, ಪಾರ್ಲಿಮೆಂಟಿನ ಹೊರಗೆ ಕೆಸರಿನಲ್ಲಿ ಒಲೆ ಹೂಡಿ ಕುಳಿತ ಈ ತಾಯಂದಿರ ಬಗ್ಗೆಯೂ ಒಂದಿಷ್ಟು ಹೇಳಿಕೊಡಿ.