ಬಿಸಿಯೇರಿದ ನೆನಪಿಗೆ ತಂಪಿನ ಉಪಚಾರ

ಎತ್ತಾಗಲಿ ಎಂಜಿನ್ ಆಗಲಿ, ಶಕ್ತಿಗೆ ಮೀರಿ ದುಡಿಸಿದಾಗ ಮೊದಲು ಮೈ ಬಿಸಿಯಾಗುತ್ತದೆ. ಗಣಕಯಂತ್ರವೂ ಇದಕ್ಕೆ ಹೊರತಲ್ಲ. ಅದರ ಯಾವುದಾದರೂ ಭಾಗವನ್ನು ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದಕ್ಕೆ ‘ಓವರ್‌ಕ್ಲಾಕಿಂಗ್’ ಎಂದು ಹೆಸರು. ಮೂವತ್ತು ವರ್ಷ ಹಳ್ಳಿಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಈ ವಿಷಯದ ಗೊಡವೆ ಏಕೆಂದು ನಿಮ್ಮಲ್ಲಿ ಕೆಲವರು ನಗಬಹುದು. ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅನ್ನದ ಪ್ರಶ್ನೆಯೇ ಇದರಲ್ಲಿ ಸಿಕ್ಕಿಕೊಂಡಿತ್ತು. ಆದ್ದರಿಂದ ನಾನು ಕಂಡು ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆತನದು ರಾಯಚೂರಿನಲ್ಲಿ ಮದುವೆಯ ಆಲ್ಬಮ್ ಮತ್ತು ವಿಡಿಯೊ ಸಿದ್ಧಪಡಿಸುವ ಪುಟ್ಟ ಅಂಗಡಿ. ಮೇಲೆ ತಗಡಿನ ಚಾವಣಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಆ ಊರಿನಲ್ಲಿ, ಮದುವೆಗಳೂ ಬಿಸಿಲೂ ಒಟ್ಟಿಗೇ ಬರುತ್ತವೆ. ಕೆಲಸ ಬೇಗ ಮುಗಿಯಲೆಂದು ಆತ ತನ್ನ ಯಂತ್ರದ ರ‍್ಯಾಮ್, ಅಂದರೆ ಸ್ಮೃತಿಪಟ್ಟಿಗಳ ವೇಗವನ್ನು 2666ರಿಂದ 3200ಕ್ಕೂ, ವೋಲ್ಟೇಜನ್ನು 1.2ರಿಂದ 1.35ಕ್ಕೂ ಏರಿಸಿದ್ದ. ಚಳಿಗಾಲದಲ್ಲಿ ಎಲ್ಲವೂ ಸುಸೂತ್ರವಾಗಿತ್ತು. ಏಪ್ರಿಲ್ ತಿಂಗಳಲ್ಲಿ ತೊಂದರೆ ಆರಂಭವಾಯಿತು.

“ಸರ್, ಮುಂಜಾನಿ ಚಲೋ ನಡೀತದ್ರಿ. ಮಧ್ಯಾಹ್ನ ಆತಂದ್ರ ನೀಲಿ ಪರದೆ ಬಂದು ನಿಂತುಬಿಡ್ತದ್ರಿ” ಎಂದು ಹೇಳುವಾಗ ಆತನ ಮುಖ ಬಾಡಿತ್ತು. ಯಂತ್ರ ನಿಲ್ಲುವುದಕ್ಕಿಂತ ದೊಡ್ಡ ಕಷ್ಟ ಬೇರೆಯೇ ಇತ್ತು. ಒಂದು ಮದುವೆಯ ನಾಲ್ಕು ಚಿತ್ರಗಳು ಅರ್ಧಕ್ಕೆ ತುಂಡಾಗಿ, ಬಣ್ಣದ ಪಟ್ಟೆಗಳಾಗಿ ತೆರೆದುಕೊಂಡಿದ್ದವು. ಕ್ಯಾಮೆರಾದ ಕಾರ್ಡನ್ನು ಅಷ್ಟರಲ್ಲಿ ಅಳಿಸಿಯಾಗಿತ್ತು. ಹೊಸ ಯಂತ್ರಕ್ಕಾಗಿ ಬಡ್ಡಿ ಸಾಲ ತರಲು ಆತ ಸಿದ್ಧನಾಗಿದ್ದ. “ತಮ್ಮಾ, ಸಾಲ ನಾಳೆ ತಂದರಾಯಿತು. ಇವತ್ತು ಆ ಡಬ್ಬಿ ಬಿಚ್ಚು, ನೋಡೋಣ” ಎಂದೆ.

ಬಿಸಿಯಾದರೆ ಸ್ಮೃತಿ ಏಕೆ ತಪ್ಪುತ್ತದೆ? ರ‍್ಯಾಮ್‌ನ ಒಂದೊಂದು ಕೋಶದಲ್ಲೂ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಅತಿ ಸೂಕ್ಷ್ಮ ಕೆಪಾಸಿಟರ್ ಇರುತ್ತವೆ. ಈ ರಚನೆಯನ್ನು 1966ರಲ್ಲಿ ಕಲ್ಪಿಸಿದವರು ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್. ಕೆಪಾಸಿಟರಿನಲ್ಲಿ ಆವೇಶ ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆದರೆ ಅದು ತೂತುಬಿದ್ದ ಕೊಡದಂತೆ! ಆವೇಶ ಸದಾ ಸೋರುತ್ತಿರುತ್ತದೆ. ಹೀಗಾಗಿ ಡಿಡಿಆರ್4 ಬಗೆಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿನೊಳಗೆ ಎಲ್ಲ ಕೋಶಗಳನ್ನೂ ಒಮ್ಮೆ ಓದಿ ಮತ್ತೆ ತುಂಬಬೇಕು. ಬಿಸಿ ಹೆಚ್ಚಿದಂತೆ ಸೋರಿಕೆಯೂ ಹೆಚ್ಚುತ್ತದೆ. 85 ಡಿಗ್ರಿ ದಾಟಿದರೆ ಈ ಮರುಪೂರಣವನ್ನು ಎರಡು ಪಟ್ಟು ಬೇಗ, ಅಂದರೆ 32 ಮಿಲಿಸೆಕೆಂಡಿಗೊಮ್ಮೆ ಮಾಡಬೇಕೆಂಬುದು ನಿಯಮ. ವೇಗವನ್ನು ಅಂಚಿನವರೆಗೆ ಎಳೆದ ಪಟ್ಟಿಯಾದರೋ ಅದಕ್ಕೂ ಬಹಳ ಮೊದಲೇ ತಪ್ಪಬಹುದು.

ಬಿಸಿ ಎಷ್ಟು ಹೆಚ್ಚುತ್ತದೆಂಬುದಕ್ಕೂ ಒಂದು ಸ್ಥೂಲ ಲೆಕ್ಕವುಂಟು. ಇಂಥ ಮಂಡಲಗಳು ಬಳಸುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿಯೂ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ವೇಗ 1.2 ಪಟ್ಟು, ವೋಲ್ಟೇಜಿನ ವರ್ಗ ಸುಮಾರು 1.27 ಪಟ್ಟು, ಗುಣಿಸಿದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು. ವೇಗ ಹೆಚ್ಚಿದ್ದು ಶೇಕಡ ಇಪ್ಪತ್ತು, ಬಿಸಿ ಹೆಚ್ಚಿದ್ದು ಶೇಕಡ ಐವತ್ತು! ಆದರೂ ಒಂದು ಪಟ್ಟಿ ಹೊರಸೂಸುವುದು ಕೆಲವೇ ವ್ಯಾಟ್. ಅಷ್ಟನ್ನು ಸಾಗಿಸಲು ದುಬಾರಿ ಸಲಕರಣೆ ಬೇಕಾಗಿಲ್ಲ. ಎಂಟನೆಯ ತರಗತಿಯಲ್ಲಿ ನಿಮ್ಮಿಂದ ಬಾಯಿಪಾಠ ಮಾಡಿಸಿದ ಉಷ್ಣವಹನ, ಉಷ್ಣಸಂವಹನ, ಉಷ್ಣವಿಕಿರಣಗಳೇ ಸಾಕು.

ಬೆಂಗಳೂರಿನಲ್ಲಿ ಗಣಕಯಂತ್ರ ದುರಸ್ತಿಯ ಕೆಲಸದಲ್ಲಿರುವ ನನ್ನ ಅಕ್ಕನ ಮಗ ದೂರವಾಣಿಯಲ್ಲಿ ಮಾರ್ಗದರ್ಶನ ಮಾಡಿದ. ಯಂತ್ರವನ್ನು ಮೇಜಿನ ಕೆಳಗಿನ ಮರದ ಗೂಡಿನಲ್ಲಿ, ಬೆನ್ನನ್ನು ಗೋಡೆಗೆ ಒತ್ತಿ ಇರಿಸಲಾಗಿತ್ತು. ಉಷ್ಣತಾಮಾಪಕ ಹಿಡಿದು ನೋಡಿದರೆ, ಗೂಡಿನೊಳಗಿನ ಗಾಳಿ ಕೋಣೆಯ ಗಾಳಿಗಿಂತ ಎಂಟು ಡಿಗ್ರಿ ಹೆಚ್ಚು ಬಿಸಿ. ಹೊರಗೆ ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಸೇವಿಸುತ್ತಿತ್ತು! ಹೊರಗೆಳೆದು ಗೋಡೆಯಿಂದ ಒಂದು ಗೇಣು ದೂರ ಇಟ್ಟೆವು. ಇದಕ್ಕೆ ತಗಲಿದ ಖರ್ಚು ಸೊನ್ನೆ.

ಮುಂದಿನದು ಧೂಳು. ವಿದ್ಯುತ್ ತಂತಿ ಕಿತ್ತು, ಮೈಯ ಸ್ಥಿರವಿದ್ಯುತ್ತು ಹೋಗಲೆಂದು ಡಬ್ಬಿಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೃದುವಾದ ಕುಂಚದಿಂದ ಒರೆಸಿದೆವು. ಪಟ್ಟಿಗಳೆರಡೂ ಒಂದರ ಪಕ್ಕ ಒಂದು ಅಂಟಿಕೊಂಡಂತಿದ್ದವು. ಆ ಯಂತ್ರದ ಕೈಪಿಡಿಯಲ್ಲಿ ಎರಡನೆಯ ಮತ್ತು ನಾಲ್ಕನೆಯ ಸ್ಥಾನದಲ್ಲಿ ಕೂರಿಸಬೇಕೆಂದೇ ಇತ್ತು. ಹಾಗೆ ಮಾಡಿದ್ದರಿಂದ ನಡುವೆ ಗಾಳಿಯಾಡಲು ಸ್ಥಳವಾಯಿತು, ಎರಡು ಪಟ್ಟಿಗಳೂ ಜೋಡಿಯಾಗಿ ದುಡಿಯತೊಡಗಿದವು.

ಬಳಿಕ ಮುಖ್ಯ ಉಪಾಯ. ಗುಜರಿಗೆ ಹೋಗಬೇಕಿದ್ದ ಹಳೆಯ ಯಂತ್ರವೊಂದರಿಂದ 80 ಮಿಲಿಮೀಟರಿನ ಫ್ಯಾನೊಂದನ್ನು ಬಿಚ್ಚಿ, ಪ್ಲಾಸ್ಟಿಕ್ ಪಟ್ಟಿಗಳಿಂದ ರ‍್ಯಾಮ್‌ನ ನೇರಕ್ಕೆ ಕಟ್ಟಿದೆವು. ನಿಂತ ಗಾಳಿ ಉಷ್ಣದ ಅತ್ಯಂತ ಮಂದ ವಾಹಕ. ಪಟ್ಟಿಯ ಮೈಗಂಟಿದ ಆ ಬಿಸಿಗಾಳಿಯ ಪದರವನ್ನು ಸರಿಸುತ್ತಿದ್ದರೆ ಸಾಕು, ಅರ್ಧ ಕೆಲಸವಾದಂತೆ.

ಆತ ಅಲ್ಯೂಮಿನಿಯಂ ತಗಡನ್ನು ಕತ್ತರಿಸಿ ಅಂಟಿಸಲೇ ಎಂದು ಕೇಳಿದ. ಅಲ್ಯೂಮಿನಿಯಂ ಒಳ್ಳೆಯ ವಾಹಕವೇನೋ ನಿಜ. ಆದರೆ ತಗಡಿಗೂ ಚಿಪ್ಪಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಅದರ ಪ್ರಯೋಜನ ಬಹುಪಾಲು ನಷ್ಟ. ಸಾಮಾನ್ಯ ಅಂಟುಟೇಪು ಉಷ್ಣವನ್ನು ತಡೆಯುತ್ತದೆ. ತಗಡು ಜಾರಿ ಬಿದ್ದರೆ ಶಾರ್ಟ್ ಸರ್ಕ್ಯೂಟ್! ಬೇಡವೆಂದೆ. ಒದ್ದೆ ಬಟ್ಟೆಯ ಆಲೋಚನೆಯೂ ಬಂದಿತ್ತು. ಮಣ್ಣಿನ ಮಡಕೆಯ ನೀರು ಸುತ್ತಲಿನ ಗಾಳಿಗಿಂತ ತಣ್ಣಗಾಗುವುದು ಆವಿಯಾಗುವಿಕೆಯಿಂದ. ಬರಿಯ ಫ್ಯಾನು ಎಷ್ಟೇ ಬೀಸಿದರೂ ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಆದರೆ ಗಣಕಯಂತ್ರದ ಹತ್ತಿರ ನೀರು ಸುಳಿಯಕೂಡದು. ಮನೆಯಲ್ಲಿದ್ದ ನೀರಿನ ಕೂಲರನ್ನು ತಂದು, ಯಂತ್ರದತ್ತ ಮುಖ ಮಾಡದಂತೆ ಕಿಟಕಿಯ ಬಳಿ ಇಡಲು ಹೇಳಿದೆ. ರಾಯಚೂರಿನ ಒಣಹವೆಗೆ ಅದು ಒಗ್ಗುತ್ತದೆ. ಯಂತ್ರಕ್ಕಷ್ಟೇ ಅಲ್ಲ, ಅಲ್ಲಿ ಕೂತು ದುಡಿಯುವವನಿಗೂ ತಂಪು ಬೇಡವೇ?

ಇಷ್ಟಾದ ಮೇಲೆ ಪರೀಕ್ಷೆ. ಮೆಮ್‌ಟೆಸ್ಟ್ ಎಂಬ ಉಚಿತ ತಂತ್ರಾಂಶವು ಸ್ಮೃತಿಯ ಎಲ್ಲೆಡೆ ಬರೆದು, ಮತ್ತೆ ಓದಿ, ತಾಳೆ ನೋಡುತ್ತದೆ. ಆತ ರಾತ್ರಿ ನಡೆಸುತ್ತೇನೆಂದ. ನಾನು ಒಪ್ಪಲಿಲ್ಲ. ಬೇಸಿಗೆಯಲ್ಲಿ ತಪ್ಪುವ ಯಂತ್ರವನ್ನು ಬಿಸಿಲಿಳಿದ ಮೇಲೆ ಪರೀಕ್ಷಿಸಿದರೆ ಫಲವೇನು? ಮಧ್ಯಾಹ್ನ ಎರಡು ಗಂಟೆಗೆ, ತಗಡು ಕಾದಿರುವಾಗಲೇ ನಡೆಸಿದೆವು. ಮೊದಲು ಬರುತ್ತಿದ್ದಷ್ಟು ತಪ್ಪುಗಳು ಬರಲಿಲ್ಲ. ಆದರೆ ಮೂರು ಗಂಟೆಗಳಲ್ಲಿ ಎರಡು ತಪ್ಪು ಬಂದವು.

“ಬರೀ ಎರಡ ಸರ್” ಎಂದು ಆತ ಸಂತೋಷಪಟ್ಟ. ನನಗೆ ಅದು ಸಮಾಧಾನ ತರಲಿಲ್ಲ. ದೊಡ್ಡ ಸರ್ವರ್‌ಗಳಲ್ಲಿ ತಪ್ಪನ್ನು ಹಿಡಿದು ತಿದ್ದುವ ಇಸಿಸಿ ಬಗೆಯ ಸ್ಮೃತಿ ಇರುತ್ತದೆ. ಆತನ ಯಂತ್ರದಲ್ಲಿ ಅಂಥದೇನೂ ಇರಲಿಲ್ಲ. ಒಂದು ಸೊನ್ನೆ ಒಂದಾದರೆ ಯಾರೂ ಕೂಗಿ ಹೇಳುವುದಿಲ್ಲ. ಆ ತಪ್ಪು ಯಾರದೋ ಮಗಳ ಧಾರೆಯ ಚಿತ್ರದಲ್ಲಿ ಹೋಗಿ ಕೂರುತ್ತದೆ. ನೀಲಿ ಪರದೆಯಾದರೂ ಎದುರಿಗೆ ಬಂದು ನಿಲ್ಲುವ ಪ್ರಾಮಾಣಿಕ ಕಷ್ಟ. ಇದು ಮಾತಿಲ್ಲದ ಕಷ್ಟ.

ಆಗ ಕೈಗಡಿಯಾರ ಹಿಡಿದು ಇನ್ನೊಂದು ಲೆಕ್ಕ ಮಾಡಿದೆವು. ಒಂದೇ ಆಲ್ಬಮನ್ನು ಎರಡೂ ವೇಗಗಳಲ್ಲಿ ಸಿದ್ಧಪಡಿಸಿ ನೋಡಿದಾಗ, ಹನ್ನೊಂದು ನಿಮಿಷಗಳ ಕೆಲಸದಲ್ಲಿ ಉಳಿದದ್ದು ಅರ್ಧ ನಿಮಿಷವೂ ಅಲ್ಲ! ಆತ ಮಾತನಾಡದೆ ವೇಗವನ್ನು 2666ಕ್ಕೂ ವೋಲ್ಟೇಜನ್ನು 1.2ಕ್ಕೂ ತಾನೇ ಇಳಿಸಿದ. ಮರುದಿನದ ಮಧ್ಯಾಹ್ನದ ಪರೀಕ್ಷೆಯಲ್ಲಿ ಒಂದೂ ತಪ್ಪಿರಲಿಲ್ಲ. ಹುಟ್ಟಿದ ಬಿಸಿಯನ್ನು ಹೊರಹಾಕುವುದು ಅಗ್ಗದ ಉಪಾಯ. ಬೇಡದ ಬಿಸಿಯನ್ನು ಹುಟ್ಟಿಸದಿರುವುದು ಅದಕ್ಕಿಂತಲೂ ಅಗ್ಗ.

ನಾಲ್ಕು ಚಿತ್ರಗಳು ಮಾತ್ರ ಮರಳಿ ಬರಲಿಲ್ಲ. ಆತ ಆ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆಯೇ ಹೇಳಿ, ಹಣದಲ್ಲಿ ಒಂದು ಭಾಗವನ್ನು ಹಿಂದಿರುಗಿಸಿದ. ಮನೆಯ ಹಿರಿಯರು ಮೊದಲು ಸಿಟ್ಟಾದರಂತೆ. ಬಂಧುಗಳ ಮೊಬೈಲುಗಳಿಂದ ಅದೇ ಗಳಿಗೆಯ ಎರಡು ಚಿತ್ರಗಳನ್ನು ಕೊನೆಗೆ ಅವರೇ ಹುಡುಕಿಕೊಟ್ಟರು. ಸಾಲ ತರುವ ಪ್ರಸಂಗ ಬರಲಿಲ್ಲ.

ಪ್ರಿಯ ಶಿಷ್ಯರೇ, ವೇಗದ ಆಟದಲ್ಲಿ ಆನಂದವುಂಟು, ಅದನ್ನು ನಾನು ಹಳಿಯುವುದಿಲ್ಲ. ನಿಮ್ಮ ಸ್ವಂತ ಆಟದ ಯಂತ್ರವಾದರೆ ಧಾರಾಳವಾಗಿ ಏರಿಸಿ ನೋಡಿ, ಫ್ಯಾನು ಕಟ್ಟಿ, ಕಲಿಯಿರಿ. ಆದರೆ ಯಂತ್ರದೊಳಗೆ ಪರರು ನಂಬಿ ಕೊಟ್ಟ ವಸ್ತುವಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲೊಮ್ಮೆ ಪರೀಕ್ಷಿಸಿ. ಕೆಲಸ ಮುಗಿದು, ಎರಡು ಕಡೆ ಪ್ರತಿ ಮಾಡಿ, ತೆರೆದು ನೋಡುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸಬೇಡಿ.