ಬೆಳಗಿಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ

ಅಂಗಡಿ ಬಾಗಿಲಿಗೆ ದೃಷ್ಟಿಗೆಂದು ತಲೆಕೆಳಗಾಗಿ ಕಟ್ಟಿದ ಲೋಳೆಸರವನ್ನು ನಮ್ಮ ಕಡೆ ನೋಡದವರಿಲ್ಲ. ಬೇರು ಮೇಲೆ, ಎಲೆ ಕೆಳಗೆ, ಮಣ್ಣಿಲ್ಲ, ನೀರಿಲ್ಲ. ಆದರೂ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ಸಕ್ಯುಲೆಂಟ್ ಅಂದರೆ ಎಂಥ ಗಿಡ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅದನ್ನೇ. ನರ್ಸರಿಯ ಪುಟ್ಟ ಕುಂಡಗಳಲ್ಲಿ ಕೂತ ಎಚೆವೆರಿಯ ಮೆಕ್ಸಿಕೊ ಕಡೆಯದು, ಹಾವರ್ತಿಯ, ಜೇಡ್ ದಕ್ಷಿಣ ಆಫ್ರಿಕಾದವು, ನಿಜ. ಆದರೆ ಮೈಯಲ್ಲೇ ನೀರು ಕೂಡಿಟ್ಟುಕೊಂಡು ಬದುಕುವ ಗಿಡ ನಮಗೇನೂ ಹೊಸದಲ್ಲ. ಹೊಲದ ಬೇಲಿಗೆ ಕಳ್ಳಿ, ಚಟ್ನಿಗೆ ಮಂಗರವಳ್ಳಿ, ತಂಬುಳಿಗೆ ದೊಡ್ಡಪತ್ರೆ ಇದ್ದೇ ಇದ್ದವು.

ಬೆಂಗಳೂರಿನ ನಮ್ಮ ತಾರಸಿಯಲ್ಲಿ ಇವೆಲ್ಲ ಒಟ್ಟಿಗೇ ಇವೆ. ಅವುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಕಾಡುಬಸಳೆ. ಅದರ ಎಲೆಯನ್ನು ಪುಸ್ತಕದೊಳಗಿಟ್ಟು, ಅಂಚಿನ ಕಚ್ಚುಗಳಲ್ಲಿ ಮರಿಗಿಡ ಮೂಡುವುದನ್ನು ಕಾದು ನೋಡಿದ ಮಕ್ಕಳು ಎಷ್ಟೋ ಮಂದಿ. ನನಗೆ ಅದಕ್ಕಿಂತ ದೊಡ್ಡ ಬೆರಗು ಅದರ ರುಚಿ. ಬೆಳಗಾಗುತ್ತಲೇ ಎಲೆಯ ತುದಿಯನ್ನು ಚೂರೇ ಚೂರು ಚಿವುಟಿ ನಾಲಿಗೆಗೆ ಮುಟ್ಟಿಸಿದರೆ ಹುಳಿ, ಹಲ್ಲು ಚುಳ್ಳೆನ್ನುವಷ್ಟು. ಅದೇ ಎಲೆ ಮಧ್ಯಾಹ್ನಕ್ಕೆ ಸಪ್ಪೆ, ಸಂಜೆ ಹೊತ್ತಿಗೆ ತುಸು ಕಹಿ. (ಮುಟ್ಟಿಸಿ ಉಗುಳಬೇಕು, ನುಂಗಬಾರದು. ಕಳ್ಳಿಯ ಹಾಲಿನ ತಂಟೆಗಂತೂ ಹೋಗಲೇಬಾರದು. ಅದು ಕಣ್ಣಿಗೆ ಬಿದ್ದರೆ ಅಪಾಯ.)

ಈ ರುಚಿಯನ್ನು ಇನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟವನು ಬೆಂಜಮಿನ್ ಹೈನೆ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ. ಟಿಪ್ಪುವಿನ ನಂತರ ನಮ್ಮ ಲಾಲ್‌ಬಾಗಿನ ಹೊಣೆಯನ್ನೂ ಕೆಲಕಾಲ ಹೊತ್ತಿದ್ದವನು. ಕಾಡುಬಸಳೆಯ ಎಲೆ ಹೊತ್ತು ಹೊತ್ತಿಗೆ ರುಚಿ ಬದಲಿಸುವುದನ್ನು ಆತ ಪತ್ರದಲ್ಲಿ ತಿಳಿಸಿದ. ಅದು 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಕಾರಣ ಗೊತ್ತಾದದ್ದು ಬಹಳ ಕಾಲದ ಮೇಲೆ. ಹೆಚ್ಚಿನ ಗಿಡಗಳು ಹಗಲಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಹಾಗೆ ತೆರೆದಾಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಒಣನೆಲದ ಗಿಡಕ್ಕೆ ಆ ನಷ್ಟ ತಾಳಲಾಗದು. ಹಾಗಾಗಿ ಇದು ಹಗಲೆಲ್ಲ ಬಾಗಿಲು ಹಾಕಿಕೊಂಡಿದ್ದು, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ಆಗ ಒಳಗೆ ಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿಸಿ ಕೂಡಿಡುತ್ತದೆ. ಬೆಳಗಿನ ಹುಳಿ ಅದೇ. ಬಿಸಿಲೇರಿದಂತೆ ಆ ಆಮ್ಲ ಕರಗಿ ಸಕ್ಕರೆಯ ತಯಾರಿಗೆ ಒದಗುತ್ತದೆ. ಎಚೆವೆರಿಯ, ಜೇಡ್ ಎರಡೂ ಕಾಡುಬಸಳೆಯ ಕುಟುಂಬದವೇ. ಹಾವರ್ತಿಯ ಬೇರೆ ಕುಟುಂಬದ್ದಾದರೂ ಅದರದೂ ಇದೇ ಕ್ರಮ.

ಇದು ತಿಳಿದ ಮೇಲೆ ನನ್ನ ಆರೈಕೆಯ ಲೆಕ್ಕಾಚಾರವೇ ಬದಲಾಯಿತು. ಬೆಂಗಳೂರಿನ ತಣ್ಣನೆಯ ರಾತ್ರಿ ಈ ಗಿಡಗಳಿಗೆ ಎಷ್ಟು ದೊಡ್ಡ ಭಾಗ್ಯ ಎಂಬುದು ಅರಿವಾಯಿತು. ಮಂಗಳೂರಿನ ಗೆಳತಿ ಕೇಳಿದರೆ ನಾನು ಎಚೆವೆರಿಯ ಕೊಡುವುದಿಲ್ಲ. ಅಲ್ಲಿನ ರಾತ್ರಿಯ ಸೆಕೆ, ಗಾಳಿಯ ತೇವ ಅದಕ್ಕೆ ಒಗ್ಗುವುದಿಲ್ಲ. ಸ್ನೇಕ್ ಪ್ಲಾಂಟ್ ಕೊಡುತ್ತೇನೆ, ಅದು ಎಲ್ಲಿಟ್ಟರೂ ಹೊಂದಿಕೊಳ್ಳುವ ಜೀವ.

ಮಣ್ಣು ಕಲಸುವುದು ನನಗೆ ತುಂಬ ಇಷ್ಟದ ಕೆಲಸ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಎರಡು ಪಾಲು ದಪ್ಪ ಮರಳು ಮತ್ತು ಇಟ್ಟಿಗೆ ಚೂರು, ಜೊತೆಗೆ ಒಂದು ಹಿಡಿ ಇದ್ದಿಲು. ಮರಳನ್ನೂ ಇಟ್ಟಿಗೆಯನ್ನೂ ಜರಡಿ ಹಿಡಿದು ನಯವಾದ ಪುಡಿಯನ್ನು ಎಸೆಯಬೇಕು. ಅದು ಉಳಿದರೆ ನೀರು ಇಳಿಯುವ ದಾರಿ ಕಟ್ಟಿಕೊಳ್ಳುತ್ತದೆ. ಕಲಸಿದ್ದನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆ ನಿಲ್ಲದೆ ಉದುರಿದರೆ ಸರಿಯಾಗಿದೆ ಎಂದು ಲೆಕ್ಕ. ಕುಂಡ ಮಣ್ಣಿನದೇ ಆಗಬೇಕು, ಅಡಿಯಲ್ಲಿ ತೂತಿರಬೇಕು. ಗಾಜಿನ ಬಟ್ಟಲಲ್ಲಿ ಬಣ್ಣದ ಕಲ್ಲು ಸುರಿದು ಇವನ್ನು ನೆಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ಎಲೆಯಿಂದ ಗಿಡ ಮಾಡುವುದು. ಗ್ರಾಪ್ಟೊಪೆಟಲಂ ಇದಕ್ಕೆ ಹೇಳಿಮಾಡಿಸಿದ ಗಿಡ. ದಂಟಿನ ಕೆಳಗಿನ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಈಚೆ ಮೆಲ್ಲಗೆ ಅಲುಗಿಸಿದರೆ ಬುಡಸಮೇತ ಕಳಚುತ್ತದೆ. ಬುಡ ಹರಿಯದೆ ಬರಬೇಕು, ಹೊಸ ಗಿಡ ಹುಟ್ಟುವುದು ಅಲ್ಲೇ. ಕಿತ್ತ ಎಲೆಗಳನ್ನು ನೆರಳಲ್ಲಿ ಕೆಲವು ದಿನ ಒಣಮಣ್ಣಿನ ಮೇಲೆ ಸುಮ್ಮನೆ ಹರಡುತ್ತೇನೆ. ಗಾಯ ಒಣಗಿ ಗಟ್ಟಿಯಾಗುತ್ತದೆ. ಆಮೇಲೊಂದು ಬೆಳಿಗ್ಗೆ ಬುಡದಲ್ಲಿ ನಸುಗೆಂಪಿನ ತೆಳ್ಳನೆಯ ಬೇರುಗಳು, ಅವುಗಳ ನಡುವೆ ಸಾಸಿವೆ ಕಾಳಿನಷ್ಟು ಒಂದು ಮೊಗ್ಗು. ಭೂತಗನ್ನಡಿ ಹಿಡಿದರೆ ಅದರಲ್ಲಾಗಲೇ ಎಲೆಗಳು ಸುತ್ತುಸುತ್ತಾಗಿ ಜೋಡಿಸಿಕೊಂಡಿರುವುದು ಕಾಣುತ್ತದೆ. ಮರಿ ಬೆಳೆದಂತೆ ತಾಯಿ ಎಲೆ ಸುಕ್ಕುಗಟ್ಟುತ್ತಾ, ಕೊನೆಗೆ ಕಾಗದದಷ್ಟು ತೆಳುವಾಗಿ ತಾನೇ ಬಿಟ್ಟುಕೊಳ್ಳುತ್ತದೆ. ತಾನಾಗಿ ಬಿಡುವ ಮೊದಲು ಅದನ್ನು ಕೀಳಬಾರದು. ಕೂಡಿಟ್ಟ ನೀರಿನ ಕೊನೆಯ ಹನಿಯೂ ಮರಿಗೇ ಸೇರಬೇಕಾದದ್ದು.

ಮಳೆಗಾಲದಲ್ಲಿ ಎಲ್ಲವನ್ನೂ ಪಾರದರ್ಶಕ ಶೀಟಿನ ಕೆಳಗೆ ಸರಿಸುತ್ತೇನೆ. ಎಲೆಸಂದಿಯಲ್ಲಿ ಬಿಳಿ ಹಿಟ್ಟುತಿಗಣೆ ಕಂಡರೆ ಬೇವಿನೆಣ್ಣೆ, ಸೋಪಿನ ನೀರು.

ಹೀಗೆ ಬೆಳೆದ ಮರಿಗಳನ್ನು ಹಂಚದೆ ಇಟ್ಟುಕೊಳ್ಳಲು ಮನಸ್ಸು ಬರುವುದಿಲ್ಲ. ಮೊನ್ನೆ ಪಕ್ಕದ ಮನೆಯ ಸೊಸೆಗೆ ಆಗಷ್ಟೇ ನೆಟ್ಟ ಜೇಡ್ ಕೊಟ್ಟು, ಒಂದು ವಾರ ನೀರು ಹಾಕಬೇಡ ಎಂದೆ.

‘ಅಯ್ಯೋ ಅಕ್ಕಾ, ಪಾಪ, ಬಾಯಾರಲ್ವಾ ಅದಕ್ಕೆ?’

‘ಬಾಯಾರಿದ್ರೆ ಎಲೆ ಮೆತ್ತಗಾಗುತ್ತೆ ಕಣೆ. ಮುಟ್ಟಿ ನೋಡು, ಈಗ ಗಟ್ಟಿಯಾಗಿದೆ ಅಲ್ವಾ?’

ಎಲೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ಹೊರಟಳು. ಅವರ ಅಡುಗೆಮನೆ ಕಿಟಕಿ ಪೂರ್ವಕ್ಕಿದೆ, ಹನ್ನೊಂದರವರೆಗೂ ಎಳೆಬಿಸಿಲು ಬೀಳುತ್ತದೆ. ಜೇಡ್‌ಗೆ ಅಷ್ಟು ಒಳ್ಳೆಯ ಜಾಗ ನಮ್ಮ ಮನೆಯಲ್ಲೂ ಇಲ್ಲ.